ಹುಡುಕಿದ ಪದ ಯಾಕೆ ಉಳಿಯುವುದಿಲ್ಲ?

ಜರ್ಮನ್ ಪಾಠದಲ್ಲಿ 'ದೆರ್ ಉನ್ಟರ್‌ರಿಷ್ಟ್ ಹ್ಯೋರ್ಟ್ ಉಮ್ ಆಖ್ಟ್ ಔಫ್' ಎಂಬ ವಾಕ್ಯ ಬಂತು ಎನ್ನಿ. 'ಹ್ಯೋರ್ಟ್' ಪದವನ್ನು ಆನ್‌ಲೈನ್ ನಿಘಂಟಿಗೆ ಹಾಕಿದರೆ 'ಕೇಳಿಸಿಕೊಳ್ಳು' ಎಂಬ ಅರ್ಥ ಸಿಗುತ್ತದೆ. ತರಗತಿ ಎಂಟು ಗಂಟೆಗೆ ಏನನ್ನು ಕೇಳಿಸಿಕೊಳ್ಳುತ್ತದೆ? ಅಸಲಿಗೆ ಇಲ್ಲಿರುವ ಕ್ರಿಯಾಪದ 'ಔಫ್‌ಹ್ಯೋರೆನ್', ಅಂದರೆ ಮುಗಿಯುವುದು. ಅದರ ಮುಂಭಾಗ ಕಳಚಿಕೊಂಡು ವಾಕ್ಯದ ತುದಿಗೆ ಹೋಗಿದೆ. ಕೊನೆವರೆಗೆ ಓದದೆ ನಡುವಿನ ಪದಕ್ಕೆ ಬೆರಳೊತ್ತಿದವರಿಗೆ ಇದು ಕಾಣುವುದಿಲ್ಲ.

ಸರಿಯಾದ ಅರ್ಥ ಸಿಕ್ಕರೂ ಅದು ನೆನಪಿನಲ್ಲಿ ನಿಲ್ಲಬೇಕಲ್ಲ. ಭಾಷಾ ಕಲಿಕೆಯ ಸಂಶೋಧಕರಾದ ಬಾತಿಯಾ ಲಾಫರ್ ಮತ್ತು ಯಾನ್ ಹುಲ್‌ಸ್ಟೈನ್ 2001ರಲ್ಲಿ ಒಂದು ವಾದ ಮುಂದಿಟ್ಟರು. ಪದದ ಅಗತ್ಯ ನಮಗೇ ಹುಟ್ಟಬೇಕು, ಅರ್ಥವನ್ನು ನಾವೇ ಹುಡುಕಬೇಕು, ಸಿಕ್ಕಿದ್ದು ಆ ಸಂದರ್ಭಕ್ಕೆ ಹೊಂದುತ್ತದೆಯೇ ಎಂದು ತೂಗಿ ನೋಡಬೇಕು. ಈ ಮೂರರಲ್ಲಿ ತೊಡಗಿಕೊಂಡಷ್ಟೂ ಪದ ಗಟ್ಟಿಯಾಗಿ ಉಳಿಯುತ್ತದೆ. ಇಸ್ರೇಲ್ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದವರ ಮೇಲೆ ಅವರು ಪ್ರಯೋಗ ನಡೆಸಿದರು. ಅಂಚಿನಲ್ಲೇ ಅರ್ಥ ಕೊಟ್ಟಿದ್ದ ಪಠ್ಯ ಓದಿದವರಿಗಿಂತ, ಹೊಸ ಪದಗಳನ್ನು ಬಳಸಿ ಸ್ವತಃ ಬರೆದವರಿಗೆ ಅವು ಹೆಚ್ಚು ನೆನಪಿದ್ದವು. ಬೆರಳೊತ್ತಿದರೆ ಅರ್ಥ ತೋರಿಸುವ ನಿಘಂಟು, ನನ್ನ ಲೆಕ್ಕದಲ್ಲಿ, ಆ ಅಂಚಿನ ಟಿಪ್ಪಣಿಯೇ.

ಹಾಗಾಗಿ ಮೊದಲು ಊಹಿಸಿ, ಆಮೇಲೆ ಹುಡುಕಿ. ಊಹೆಗೂ ಆಸರೆ ಬೇಕು ಅನ್ನಿ. ನೆರವಿಲ್ಲದೆ ಬರಹವೊಂದು ಚೆನ್ನಾಗಿ ಅರ್ಥವಾಗಲು ಅದರ ಶೇ. 98ರಷ್ಟು ಪದಗಳು ಗೊತ್ತಿರಬೇಕೆಂದು ಪದಕಲಿಕೆಯ ಸಂಶೋಧಕ ಪಾಲ್ ನೇಷನ್ ಮತ್ತು ಸಂಗಡಿಗರ ಅಂದಾಜು. ಅಂದರೆ ಐವತ್ತಕ್ಕೊಂದು ಹೊಸ ಪದ. ಸಾಲು ಸಾಲಿಗೂ ನಿಘಂಟು ತೆರೆಸುವ ಪುಸ್ತಕವನ್ನು ಸದ್ಯಕ್ಕೆ ಕಪಾಟಿನಲ್ಲಿಡುವುದೇ ಲೇಸು.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ಹೆಚ್ಚಿನವರು ಜರ್ಮನ್ ಪದಕ್ಕೆ ಇಂಗ್ಲಿಷ್ ಅರ್ಥ ನೋಡುತ್ತಾರೆ. 'ಹೆಲ್ಫೆನ್' ಎಂದರೆ 'ಹೆಲ್ಪ್' ಎಂದು ತಿಳಿದ ಕೂಡಲೇ ಪುಟ ಮುಚ್ಚುತ್ತಾರೆ. ಈ ಕ್ರಿಯಾಪದಕ್ಕೆ ಚತುರ್ಥಿ ವಿಭಕ್ತಿ ಬೇಕು. ಇಂಗ್ಲಿಷಿನಲ್ಲಿ ಅದರ ಸುಳಿವೇ ಇಲ್ಲ. ಕನ್ನಡದಲ್ಲೋ ನಾವು ಸಹಾಯ ಮಾಡುವುದು 'ಅವನಿಗೆ'! 'ಗೆಫಾಲೆನ್' ಎಂಬ ಕ್ರಿಯಾಪದವೂ ನಮ್ಮ 'ನನಗೆ ಹಿಡಿಸುತ್ತದೆ' ಎಂಬ ಜಾಡಿನಲ್ಲೇ ನಡೆಯುತ್ತದೆ. ಇಂಗ್ಲಿಷಿನ ಮೂಲಕ ಹೋದರೆ ಕೈಯಲ್ಲಿದ್ದ ಅನುಕೂಲವೇ ತಪ್ಪಿಹೋಗುತ್ತದೆ.

ಆದ್ದರಿಂದ ಅರ್ಥ ಸಿಕ್ಕಿದ ಮೇಲೂ ಒಂದಿಷ್ಟು ಕೆಳಗೆ ಇಳಿಯಿರಿ. ಲಿಂಗ, ಬಹುವಚನ, ವಿಭಕ್ತಿ ಎಲ್ಲ ಅಲ್ಲಿರುತ್ತವೆ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ಲ್ಯಾಂಪು ಸ್ತ್ರೀಲಿಂಗ, ಹುಡುಗಿ ನಪುಂಸಕಲಿಂಗ. ಅರ್ಥವನ್ನಷ್ಟೇ ಊಹಿಸಿದರೆ ಇದು ತಿಳಿಯದು. ಬರ್ಲಿನ್‌ನ ವಿಜ್ಞಾನ ಅಕಾಡೆಮಿಯ 'ಡಿಡಬ್ಲ್ಯುಡಿಎಸ್' ಎಂಬ ಉಚಿತ ಜರ್ಮನ್ ನಿಘಂಟು ಪುಸ್ತಕ, ಪತ್ರಿಕೆಗಳಿಂದ ಆಯ್ದ ವಾಕ್ಯಗಳನ್ನೂ ಆ ಪದದ ಜೊತೆ ಹೆಚ್ಚಾಗಿ ಬರುವ ಪದಗಳನ್ನೂ ತೋರಿಸುತ್ತದೆ. ಅವುಗಳಲ್ಲೊಂದನ್ನು ಹಿಡಿದು ನಿಮ್ಮದೇ ವಾಕ್ಯ ಕಟ್ಟಿ.

ಜರ್ಮನ್ ಬಲ್ಲ ಕನ್ನಡಿಗರಲ್ಲಿ ಒಂದು ಕೋರಿಕೆ. ಯಾರು ಬೇಕಾದರೂ ಪದ ಸೇರಿಸಬಹುದಾದ ಕನ್ನಡ ವಿಕ್ಷನರಿ ಇದೆ. ನೀವು ಕಲಿತ ಪದಗಳನ್ನು ವಿಭಕ್ತಿ, ಉದಾಹರಣೆಗಳ ಸಮೇತ ಅಲ್ಲಿ ಕನ್ನಡದಲ್ಲೇ ಬರೆದಿಡಿ.