ಪ್ರೊಜೆಕ್ಟರ್ ರೂಮಿಗೊಂದು ಕಿವಿ

ತೆರೆಯ ಮೇಲಿನ ಚಿತ್ರ ಮಸುಕಾದರೆ ಪ್ರೇಕ್ಷಕರು ಥಿಯೇಟರಿನವರನ್ನು ಬೈಯುತ್ತಾರೆ. ಮಾತು ಸ್ಪಷ್ಟವಾಗಿ ಕೇಳಿಸದಿದ್ದರೆ ಮಾತ್ರ ಬೈಗುಳ ಬೀಳುವುದು ನಿರ್ದೇಶಕನಿಗೆ, ಇಲ್ಲವೇ ಡಬ್ಬಿಂಗ್ ಮಾಡಿದವರಿಗೆ. ತೆರೆಯ ಹಿಂದಿರುವ ಮಧ್ಯದ ಸ್ಪೀಕರಿನ ಹಾರ್ನ್ ಕೆಟ್ಟುಹೋಗಿದೆ ಎನ್ನೋಣ. ಸ್ವರಗಳು ಹೇಗೋ ಕೇಳಿಸುತ್ತವೆ. ಸ, ಶ, ಚ, ತ ಮುಂತಾದ ವ್ಯಂಜನಗಳು ಕರಗಿಹೋಗುತ್ತವೆ. ಸಂಭಾಷಣೆ ಕಂಬಳಿ ಹೊದ್ದು ಮಾತಾಡಿದಂತೆ ಬರುತ್ತದೆ. ಅಷ್ಟರಲ್ಲಿ ಹಾಡು ಶುರುವಾಗಿ ಎಡಬಲದ ಸ್ಪೀಕರುಗಳು ಹಾಲ್ ತುಂಬಿದರೆ ಯಾರಿಗೂ ಅನುಮಾನವೇ ಬರುವುದಿಲ್ಲ. ಧ್ವನಿ ಡಿಜಿಟಲ್ ಆದ ಮೇಲೆ ಇಂಥ ತಾಪತ್ರಯ ತಪ್ಪಿತು ಎಂಬ ನಂಬಿಕೆ ಮಾಲೀಕರಲ್ಲೂ ಪ್ರೇಕ್ಷಕರಲ್ಲೂ ಇದೆ. ದೋಷಗಳ ಸಂಖ್ಯೆ ತಗ್ಗಿದ್ದು ನಿಜ. ಉಳಿದ ದೋಷಗಳು ಮರೆಗೆ ಸರಿದವು, ಅವನ್ನು ಹುಡುಕುವ ಕಸುಬು ಮೊದಲಿಗಿಂತ ಸೂಕ್ಷ್ಮವಾಯಿತು ಎಂಬುದೂ ಅಷ್ಟೇ ನಿಜ. ವಿಚಿತ್ರವೆಂದರೆ, ಸರಿಯಾಗಿ ಇದೇ ಹೊತ್ತಿಗೆ ಪ್ರೊಜೆಕ್ಟರ್ ರೂಮಿನಿಂದ ಮನುಷ್ಯರನ್ನು ಖಾಲಿ ಮಾಡಿಸಲಾಗುತ್ತಿದೆ.

ಮರೆಗೆ ಸರಿಯುವ ಈ ಗುಣ ರೀಲಿನ ಕಾಲದಲ್ಲೇ ಶುರುವಾಗಿತ್ತು. ಫಿಲ್ಮ್ ಅಂಚಿನ ಹಳೆಯ ಆಪ್ಟಿಕಲ್ ಟ್ರ್ಯಾಕಿನಲ್ಲಿ ಲ್ಯಾಂಪ್ ಮಂಕಾದರೆ ಸದ್ದು ಇಳಿಯುತ್ತಿತ್ತು, ಧೂಳು ಕೂತರೆ ಚಟಪಟ ಎನ್ನುತ್ತಿತ್ತು. ಕಾಯಿಲೆ ತಾನೇ ಬಾಯಿಬಿಟ್ಟು ಹೇಳಿಕೊಳ್ಳುತ್ತಿತ್ತು. 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಂದಿಗೆ ಬಂದ ಡಾಲ್ಬಿ ಡಿಜಿಟಲ್, ಫಿಲ್ಮಿನ ಪಕ್ಕದ ರಂಧ್ರಗಳ ನಡುವಿನ ಜಾಗದಲ್ಲಿ ಸೆಕೆಂಡಿಗೆ 96 ಚುಕ್ಕಿಚೌಕಗಳನ್ನು ಅಚ್ಚು ಮಾಡಿತು. ಮರುವರ್ಷ ‘ಜುರಾಸಿಕ್ ಪಾರ್ಕ್’ ಜತೆ ಬಂದ ಡಿಟಿಎಸ್ ಫಿಲ್ಮಿನ ಮೇಲೆ ಟೈಮ್‌ಕೋಡ್ ಮಾತ್ರ ಇಟ್ಟು, ಧ್ವನಿಯನ್ನು ಪ್ರತ್ಯೇಕ ಸಿಡಿಗಳಲ್ಲಿ ಕಳಿಸಿತು. ಇದನ್ನೇ ಚೆನ್ನೈನ ರಿಯಲ್ ಇಮೇಜ್ ಸಂಸ್ಥೆ ಭಾರತಕ್ಕೆ ತಂದಿತು. ನಮ್ಮ ಊರುಗಳ ಪೋಸ್ಟರುಗಳಲ್ಲಿ ಡಿಟಿಎಸ್ ಎಂಬ ಮೂರಕ್ಷರ ನಾಯಕನ ಹೆಸರಿನಷ್ಟೇ ದಪ್ಪಗೆ ಕಾಣಿಸಿಕೊಂಡದ್ದು ಆಮೇಲೆ. ಎರಡೂ ವ್ಯವಸ್ಥೆಗಳಲ್ಲಿ ಒಂದು ಜಾಣತನವಿತ್ತು: ಡಿಜಿಟಲ್ ಭಾಗ ಓದಲಾಗದಿದ್ದರೆ ಯಂತ್ರ ತಂತಾನೇ ಹಳೆಯ ಆಪ್ಟಿಕಲ್ ಟ್ರ್ಯಾಕಿಗೆ ಜಾರಿಕೊಳ್ಳುತ್ತಿತ್ತು. ಆಟ ನಿಲ್ಲುತ್ತಿರಲಿಲ್ಲ. ಗಮನಿಸುವವರಿಲ್ಲದಿದ್ದರೆ ಹೊರಗೆ ಡಿಜಿಟಲ್ ಬೋರ್ಡು, ಒಳಗೆ ಆಪ್ಟಿಕಲ್ ಸದ್ದು, ಹೀಗೆಯೇ ವಾರಗಳು ಉರುಳಬಹುದಿತ್ತು. ಡಾಲ್ಬಿ ಯಂತ್ರದ ಮುಖದ ಮೇಲೆ ಓದಿನ ದೋಷ ತೋರಿಸುವ ಒಂದು ಪುಟ್ಟ ಅಂಕಿ ಇರುತ್ತಿತ್ತು; ಕಡಿಮೆ ಇದ್ದಷ್ಟೂ ಒಳ್ಳೆಯದು. ನಿನ್ನೆಗಿಂತ ಇಂದು ಅದು ಏರಿದೆ ಎಂದು ನೋಡಿ, ಧ್ವನಿ ಇನ್ನೂ ಚೆನ್ನಾಗಿರುವಾಗಲೇ ರೀಡರ್ ಒರೆಸುತ್ತಿದ್ದವನೇ ಒಳ್ಳೆಯ ಆಪರೇಟರ್.

ಈಗ ಫಿಲ್ಮ್ ಇಲ್ಲ, ಡಿಸಿಪಿ ಎಂಬ ಡಿಜಿಟಲ್ ಫೈಲುಗಳ ಕಟ್ಟು ಇದೆ. ಹಾಲಿವುಡ್ ಸ್ಟುಡಿಯೋಗಳ ಕೂಟವಾದ ಡಿಸಿಐ 2005ರಲ್ಲಿ ಹೊರತಂದ ನಿಯಮಾವಳಿಯಂತೆ ಧ್ವನಿ 24 ಬಿಟ್‌ನದು, ಕುಗ್ಗಿಸದೆ ಇಟ್ಟದ್ದು, 16 ಚಾನೆಲ್‌ಗಳವರೆಗೆ. ಸರ್ವರಿನಿಂದ ಅದು ಡಿಜಿಟಲ್ ರೂಪದಲ್ಲೇ ಸೌಂಡ್ ಪ್ರೊಸೆಸರಿಗೆ ಹೋಗುತ್ತದೆ, ಅಲ್ಲಿಂದ ಆಂಪ್ಲಿಫೈಯರ್, ಅಲ್ಲಿಂದ ಸ್ಪೀಕರ್. ಸರ್ವರ್ ಮತ್ತು ಪ್ರೊಸೆಸರಿನ ನಡುವಿನ ಕೇಬಲ್ಲಿನಲ್ಲಿ ಚಾನೆಲ್‌ಗಳು ಜೋಡಿಯಾಗಿ ಸಾಗುತ್ತವೆ: ಒಂದು-ಎರಡು ಎಡ ಮತ್ತು ಬಲ, ಮೂರು-ನಾಲ್ಕು ಮಧ್ಯ ಮತ್ತು ಸಬ್‌ವೂಫರ್. ಈ ಒಂದು ಸಂಗತಿ ಗೊತ್ತಿದ್ದವನಿಗೆ ಅರ್ಧ ಕೆಲಸ ಮುಗಿದಂತೆ. ಸಂಭಾಷಣೆಯೂ ಸಬ್‌ವೂಫರಿನ ಗುಡುಗೂ ಒಟ್ಟಿಗೇ ಮಾಯವಾದರೆ ಎರಡು ಸ್ಪೀಕರುಗಳು ಒಂದೇ ಗಳಿಗೆಯಲ್ಲಿ ಕೆಟ್ಟವೆಂದು ನಂಬಬೇಕಿಲ್ಲ. ಎರಡನೆಯ ಜೋಡಿಯ ತಂತಿಯನ್ನೋ ಕನೆಕ್ಟರಿನ ಪಿನ್ನನ್ನೋ ಮೊದಲು ನೋಡಬೇಕು. ಸಬ್‌ವೂಫರ್ ಗುಡುಗುತ್ತಿದ್ದು ಮಾತು ಮಾತ್ರ ಇಲ್ಲವಾದರೆ ಸಂಶಯ ಪ್ರೊಸೆಸರಿನಿಂದ ಆಚೆಗೆ ಹೋಗಬೇಕು. ಏಳು ಮತ್ತು ಎಂಟನೆಯ ಚಾನೆಲ್‌ಗಳ ಕತೆ ಇನ್ನೂ ಸ್ವಾರಸ್ಯದ್ದು. ಕಿವಿ ಮಂದವಿರುವವರಿಗೆ ಬೇಕಾದ ಧ್ವನಿ ಮತ್ತು ದೃಷ್ಟಿ ಇಲ್ಲದವರಿಗಾಗಿ ಮಾಡಿದ ವಿವರಣೆ ಹೆಡ್‌ಫೋನಿಗೆ ಹೋಗಬೇಕಾದದ್ದು ಅಲ್ಲಿ. ಹಿಂಬದಿಯ ಸರೌಂಡಿಗೆ ಹನ್ನೊಂದು, ಹನ್ನೆರಡರ ಬದಲು ಇವನ್ನು ಕೊಟ್ಟುಬಿಟ್ಟರೆ, ‘ಅವನು ಬಾಗಿಲು ತೆರೆದ’ ಎಂಬಂಥ ವಿವರಣೆ ಇಡೀ ಹಾಲ್‌ಗೆ ಕೇಳುತ್ತದೆ. ಅಂಥ ಟ್ರ್ಯಾಕ್ ಇಲ್ಲದ ಚಿತ್ರಗಳಲ್ಲಿ ಹಿಂಬದಿ ಸುಮ್ಮನೆ ಮೌನ. ಆ ಮೌನವನ್ನು ಯಾರೂ ದೂರುವುದಿಲ್ಲ.

ಹುಡುಕುವ ವಿಧಾನದ ತಿರುಳು ಅದಲುಬದಲು. ಎಡ ಮತ್ತು ಮಧ್ಯದ ಕೇಬಲ್ಲುಗಳನ್ನು ಪ್ರೊಸೆಸರ್ ಮತ್ತು ಆಂಪ್ಲಿಫೈಯರುಗಳ ನಡುವೆ ಬದಲಿಸಿ ಹಾಕಿದಾಗ ದೋಷ ಎಡಕ್ಕೆ ಹೋದರೆ ಕಾಯಿಲೆ ಹಿಂದಿದೆ. ಮಧ್ಯದಲ್ಲೇ ನಿಂತರೆ ಮುಂದಿದೆ. ಹೀಗೆ ಸರಪಳಿಯನ್ನು ಅರ್ಧಕ್ಕರ್ಧ ಕತ್ತರಿಸುತ್ತಾ ಹೋದರೆ ಕೊನೆಗೆ ಒಂದು ಕೊಂಡಿ ಉಳಿಯುತ್ತದೆ. ಆಂಪ್ಲಿಫೈಯರ್ ಆರಿಸದೆ ತಂತಿ ಕೀಳಬಾರದು. ‘ಡಬ್’ ಎಂಬ ಒಂದೇ ಹೊಡೆತಕ್ಕೆ ಹಾರ್ನಿನೊಳಗಿನ ತೆಳು ಡಯಾಫ್ರಮ್ ಹರಿದು, ಒಂದಿದ್ದ ದೋಷ ಎರಡಾಗುತ್ತದೆ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಆಟ ಶುರುವಾಗಲು ಹತ್ತು ನಿಮಿಷವಿರುವಾಗ, ಮ್ಯಾನೇಜರ್ ಬಾಗಿಲಲ್ಲಿ ನಿಂತಿರುವಾಗ, ಮೂರು ತಂತಿಗಳನ್ನು ಒಟ್ಟಿಗೆ ಕಿತ್ತು ಹಾಕುವ ಆಸೆ ಸಹಜ. ಆಗ ಧ್ವನಿ ಬಂದರೂ ಏಕೆ ಬಂತೆಂದು ತಿಳಿಯುವುದಿಲ್ಲ, ಮುಂದಿನ ಶುಕ್ರವಾರ ಅದೇ ಕಾಯಿಲೆ ಮತ್ತೆ ಹಾಜರು. ಲಿಪ್ ಸಿಂಕ್ ದೂರಿನಲ್ಲೂ ಇದೇ ತಾಳ್ಮೆ ಬೇಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ತೆರೆಯಿಂದ 30 ಮೀಟರ್ ದೂರದ ಕೊನೆಯ ಸಾಲಿಗೆ ಅದು ಚಿತ್ರಕ್ಕಿಂತ ಎರಡು ಫ್ರೇಮ್ ತಡವಾಗಿಯೇ ಮುಟ್ಟುತ್ತದೆ. ಅಲ್ಲಿ ಕೂತವನ ದೂರು ಕೇಳಿ ಪ್ರೊಸೆಸರಿನ ಡಿಲೇ ತಿದ್ದಿದರೆ ಮುಂದಿನ ಸಾಲಿನವರಿಗೆ ತುಟಿಗಿಂತ ಮೊದಲೇ ಮಾತು ಬರುತ್ತದೆ.

ಪ್ರೊಜೆಕ್ಟರ್ ರೂಮಿನ ಗಾಜಿನ ಹಿಂದೆ ಕೂತವನಿಗೆ ಹಾಲ್‌ನ ಸದ್ದು ಕೇಳುವುದಿಲ್ಲ. ಅವನಿಗೆ ಕೇಳುವುದು ರ‍್ಯಾಕಿನಲ್ಲಿರುವ ಪುಟ್ಟ ಮಾನಿಟರ್ ಸ್ಪೀಕರ್. ತೆರೆಯ ಸೂಕ್ಷ್ಮ ರಂಧ್ರಗಳಲ್ಲಿ ಧೂಳು ಕಟ್ಟಿದ್ದು, ಸಾಲು ಸರೌಂಡ್ ಸ್ಪೀಕರುಗಳಲ್ಲಿ ಎರಡು ಸುಮ್ಮನಾದದ್ದು, ಇಲಿ ಕಡಿದ ತಂತಿ ಅಲುಗಿದಾಗ ಬರುವ ಕರಕರ, ಯಾವುದೂ ಅದರಲ್ಲಿ ತಿಳಿಯದು. ಅದಕ್ಕೇ ‘ಇಲ್ಲಿ ಸರಿಯಾಗಿದೆಯಲ್ಲ’ ಎಂಬ ಉತ್ತರ ಪ್ರಾಮಾಣಿಕವಾಗಿದ್ದೂ ತಪ್ಪಾಗಿರಬಹುದು. ದೋಷವೇ ಅಲ್ಲದ ದೋಷವೂ ಒಂದಿದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು. ಡಾಲ್ಬಿ ಪ್ರೊಸೆಸರಿನಲ್ಲಿ ಸದ್ದಿನ ಮಟ್ಟ ಏರಿಳಿಸುವ ಫೇಡರನ್ನು 7ಕ್ಕೆ ಇಟ್ಟಾಗ ತೆರೆಯ ಹಿಂದಿನ ಒಂದೊಂದು ಚಾನೆಲ್ಲೂ ಪಿಂಕ್ ನಾಯ್ಸ್ ಎಂಬ ಪರೀಕ್ಷಾ ಸದ್ದಿಗೆ 85 ಡೆಸಿಬಲ್ ಕೊಡುವಂತೆ ಹೊಂದಿಸಿರಬೇಕು; ಮಿಕ್ಸಿಂಗ್ ಥಿಯೇಟರಿನಲ್ಲೂ ಅದೇ ಅಳತೆ. ಹೊಡೆದಾಟದ ಸದ್ದು ಜೋರಾಯಿತೆಂದು ಯಾರೋ ಹೇಳಿದಾಗ ಫೇಡರ್ 5ಕ್ಕೆ ಇಳಿಯುತ್ತದೆ, ಅಂದರೆ ಆರೂವರೆ ಡೆಸಿಬಲಿಗೂ ಹೆಚ್ಚು. ಈಗ ಮಾತು ಕೇಳಿಸದೆಂಬ ದೂರು. ಅದಕ್ಕೆ ಮಧ್ಯದ ಚಾನೆಲ್ ಏರಿಸುತ್ತಾರೆ. ಮುಂದಿನ ಚಿತ್ರದಲ್ಲಿ ಮಾತು ಕಿರುಚುತ್ತದೆ, ಫೇಡರ್ ಮತ್ತೆ ಇಳಿಯುತ್ತದೆ. ಒಂದು ಯಂತ್ರವೂ ಕೆಡದೆ ಹಾಲ್ ಹಾಳಾಗುವುದು ಹೀಗೆ.

ದೂರದಿಂದಲೇ ನಿಗಾ ಇಡುವ ಕೇಂದ್ರಗಳಿರುವಾಗ ಪ್ರತಿ ಥಿಯೇಟರಿಗೂ ಒಬ್ಬ ಕಸುಬುದಾರ ಏಕೆ ಎಂದು ಕೇಳುವವರಿದ್ದಾರೆ. ಅಂಥ ಕೇಂದ್ರ ಸರ್ವರಿನ ಡಿಸ್ಕ್, ಫ್ಯಾನ್, ತಾಪಮಾನಗಳನ್ನು ಮನುಷ್ಯನಿಗಿಂತ ಚೆನ್ನಾಗಿ ನೋಡುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಅದು ನೋಡುವುದು ಯಂತ್ರಗಳು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು. ಧೂಳು ಕಟ್ಟಿದ ತೆರೆಗೆ ನೆಟ್‌ವರ್ಕ್ ಕೇಬಲ್ ಇರುವುದಿಲ್ಲ. ಕೆಟ್ಟ ಪೆಟ್ಟಿಗೆಯನ್ನೇ ಬದಲಿಸಿದರಾಯಿತು ಎಂಬ ಮಾತೂ ಇದೆ. ಯಾವ ಪೆಟ್ಟಿಗೆ ಎಂದು ತಿಳಿಯದೆ ಬದಲಿಸುವುದು ದುಬಾರಿ ಜೂಜು. ಅಲ್ಲದೆ ಆ ಹಾಲ್‌ಗೆ ತಕ್ಕಂತೆ ಮಾಡಿದ ಈಕ್ವಲೈಸೇಷನ್, ಡಿಲೇ, ಮಟ್ಟಗಳೆಲ್ಲ ಹಳೆಯ ಪ್ರೊಸೆಸರಿನೊಳಗೆ ಕೂತಿರುತ್ತವೆ. ಅವನ್ನು ಉಳಿಸಿಟ್ಟಿರದಿದ್ದರೆ ಹೊಸ ಪೆಟ್ಟಿಗೆ ಕಾರ್ಖಾನೆಯ ಅಂಕಿಗಳಲ್ಲೇ ಹಾಡತೊಡಗುತ್ತದೆ.

ತಾಲ್ಲೂಕು ಕೇಂದ್ರದ ಒಂಟಿ ತೆರೆಯ ಥಿಯೇಟರಿಗೆ ಇದೆಲ್ಲ ಭಾರವಲ್ಲವೇ ಎಂಬುದು ಗಟ್ಟಿಯಾದ ಆಕ್ಷೇಪ. ಮನೆಗಳಲ್ಲಿ ದೊಡ್ಡ ಟಿವಿ ಕೂತಿರುವ ಕಾಲದಲ್ಲಿ ಮಾಲೀಕ ಸಂಬಳಕ್ಕೇ ಹೆಣಗುತ್ತಿರುವಾಗ ತಜ್ಞನನ್ನು ಇಟ್ಟುಕೊಳ್ಳಿ ಎನ್ನುವುದು ಸುಲಭ. ಪೂರ್ಣಾವಧಿ ತಜ್ಞ ಬೇಕೆಂದು ನಾನೂ ಹೇಳಲಾರೆ. ಅಕ್ಕಪಕ್ಕದ ಊರುಗಳ ನಾಲ್ಕಾರು ಥಿಯೇಟರುಗಳು ಒಬ್ಬನನ್ನು ಹಂಚಿಕೊಳ್ಳಬಹುದು. ಈಗಿರುವ ಆಪರೇಟರಿಗೆ ಬೇಕಾದದ್ದು ಒಂದು ಸೌಂಡ್ ಲೆವೆಲ್ ಮೀಟರ್, ಚಾನೆಲ್‌ಗಳನ್ನು ಒಂದೊಂದಾಗಿ ನುಡಿಸುವ ಪರೀಕ್ಷಾ ಡಿಸಿಪಿ, ಒಂದು ಹೆಚ್ಚುವರಿ ಕೇಬಲ್, ಸೆಟ್ಟಿಂಗ್ ಫೈಲ್ ಉಳಿಸಿಟ್ಟ ಪೆನ್‌ಡ್ರೈವ್ ಮತ್ತು ಯಾವ ದಿನ ಯಾವುದನ್ನು ಮುಟ್ಟಿದೆವೆಂದು ಬರೆದಿಡುವ ಪುಸ್ತಕ. ವಾರಕ್ಕೊಮ್ಮೆ, ಬೆಳಗಿನ ಆಟಕ್ಕೆ ಮುಂಚೆ, ಪರೀಕ್ಷಾ ಡಿಸಿಪಿ ಹಚ್ಚಿ ಅವನು ಗಾಜಿನ ಕೋಣೆ ಬಿಟ್ಟು ಹಾಲ್‌ನೊಳಗೆ ಬಂದು, ಗೋಡೆಯ ಒಂದೊಂದು ಸ್ಪೀಕರಿನ ಕೆಳಗೂ ನಿಂತು ಕೇಳಲು ಹಿಡಿಯುವುದು ಅರ್ಧ ಗಂಟೆ.