ಗದ್ದೆ ನೀರಿನಲ್ಲಿ ಆಡುವ ನಾಯಿಗೆ ರೇಬೀಸ್ ಲಸಿಕೆಯೊಂದೇ ಸಾಕೇ?

ಪ್ರಶ್ನೆ: ನಮ್ಮದು ಅಂಕೋಲಾ ತಾಲೂಕಿನ ಅಗಸೂರು. ಮಳೆಗಾಲವಿಡೀ ನಮ್ಮ ನಾಯಿ ಗದ್ದೆ ನೀರಿನಲ್ಲೇ ಇರುತ್ತದೆ. ರೇಬೀಸ್ ಲಸಿಕೆ ಹಾಕಿಸಿದ್ದೇವೆ. ಅಷ್ಟು ಸಾಕೇ?

ಉತ್ತರ: ಸಾಲದು. ರೇಬೀಸ್ ಲಸಿಕೆ ಪ್ರತಿವರ್ಷ ಬೇಕೇ ಬೇಕು, ಆದರೆ ಅದು ಇಲಿಜ್ವರವನ್ನು ತಡೆಯದು. ನಿಮ್ಮ ಕಡೆ ನಾನು ಹೆಚ್ಚು ಹೆದರುವುದು ಇದಕ್ಕೇ. ಇಲಿ, ಹೆಗ್ಗಣಗಳ ಮೂತ್ರದಲ್ಲಿರುವ, ಇಲಿಜ್ವರ ತರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ನಿಂತ ನೀರಿನಲ್ಲಿ, ಕೆಸರಿನಲ್ಲಿ ವಾರಗಟ್ಟಲೆ ಬದುಕಬಲ್ಲದು. ಕಾಲಿನ ಸಣ್ಣ ಗಾಯ, ಕಣ್ಣು, ಬಾಯಿಯ ಮೂಲಕ ಒಳಹೊಕ್ಕು ಮೂತ್ರಪಿಂಡ ಮತ್ತು ಯಕೃತ್ತನ್ನು ಕೆಡಿಸುತ್ತದೆ. 2019ರ ಆಗಸ್ಟಿನಂತೆ ಗಂಗಾವಳಿ ನದಿ ಉಕ್ಕಿ ಹರಿದ ವರ್ಷಗಳಲ್ಲಂತೂ ನೆರೆ ಇಳಿದ ಮೇಲಿನ ದಿನಗಳೇ ಅಪಾಯದವು.

ಇಲಿಜ್ವರಕ್ಕೆ ಲಸಿಕೆಯುಂಟು. ಮೊದಲ ಸಲ ಕೆಲವು ವಾರಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಮಳೆ ಹಿಡಿಯುವ ಮುಂಚೆಯೇ, ಮೇ ತಿಂಗಳೊಳಗೆ, ಪಶುವೈದ್ಯರಲ್ಲಿ ಲೆಪ್ಟೊಸ್ಪೈರಾ ಲಸಿಕೆ ಎಂದು ಹೆಸರು ಹೇಳಿಯೇ ಕೇಳಿ.

ನಾಯಿ ಅನ್ನ ಬಿಟ್ಟರೆ, ವಾಂತಿ ಮಾಡಿದರೆ, ಕಣ್ಣು ಅಥವಾ ವಸಡು ಹಳದಿಯಾದರೆ ಅದೇ ದಿನ ವೈದ್ಯರಿಗೆ ತೋರಿಸಿ. ಬೇಗ ಶುರುವಾದ ಆ್ಯಂಟಿಬಯಾಟಿಕ್ ಜೀವ ಉಳಿಸುತ್ತದೆ. ಮನೆಯಲ್ಲಿರುವ ಜ್ವರದ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೇನ್ ನಾಯಿಗೆ ವಿಷ.

ಇಲಿಜ್ವರ ನಾಯಿಯಿಂದ ಮನುಷ್ಯರಿಗೂ ಬರುತ್ತದೆ. ಕಾಯಿಲೆ ಬಿದ್ದ ನಾಯಿಯ ಮೂತ್ರವನ್ನು ಬರಿಗೈಯಲ್ಲಿ ತೊಳೆಯಬೇಡಿ. ಮನೆಯವರಿಗೆ ಜ್ವರ ಬಂದರೆ ನಾಯಿಯ ವಿಷಯವನ್ನೂ ಡಾಕ್ಟರಿಗೆ ತಿಳಿಸಿ.