ಒಂದು ಫ್ರೇಮಿನೊಳಗೆ ಎರಡು ಕ್ಷಣ

ಹಳೆಯ ಮಿನಿಡಿವಿ ಕ್ಯಾಸೆಟ್ಟಿನಲ್ಲಿರುವ ಮದುವೆಯನ್ನೋ ಯಕ್ಷಗಾನವನ್ನೋ ಕಂಪ್ಯೂಟರಿಗೆ ಇಳಿಸಿಕೊಂಡು ನೋಡಿ. ಎಲ್ಲರೂ ಸುಮ್ಮನೆ ಕುಳಿತಿರುವಾಗ ಚಿತ್ರ ಚೆನ್ನಾಗಿಯೇ ಇರುತ್ತದೆ. ವೇಷಧಾರಿ ಧೀಂಗಿಣ ಹೊಡೆಯಲು ಶುರುಮಾಡಿದ ಕೂಡಲೇ ಕೈಕಾಲುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಅಡ್ಡಗೆರೆಗಳು ಏಳುತ್ತವೆ. ಕ್ಯಾಸೆಟ್ ಹಾಳಾಗಿದೆ ಎಂದು ಹಲವರು ತಿಳಿಯುತ್ತಾರೆ. ಕ್ಯಾಸೆಟ್ಟಿಗೆ ಏನೂ ಆಗಿಲ್ಲ. ಬೇರೆ ಬೇರೆ ಕ್ಷಣದಲ್ಲಿ ತೆಗೆದ ಎರಡು ಅರ್ಧ ಚಿತ್ರಗಳನ್ನು ಕಂಪ್ಯೂಟರು ಒಟ್ಟಿಗೆ ಇಟ್ಟು ತೋರಿಸುತ್ತಿದೆ. ಇದೇ ಇಂಟರ್‌ಲೇಸ್ಡ್ ವಿಡಿಯೊ.

ಟಿ.ವಿ. ಹುಟ್ಟಿದ ಕಾಲದ ಒಂದು ಇಕ್ಕಟ್ಟಿನಿಂದ ಬಂದ ಉಪಾಯ ಇದು. ಚಲನೆ ಕಾಣಿಸಲು ಸೆಕೆಂಡಿಗೆ 25 ಚಿತ್ರ ಸಾಕಾದರೂ ಆ ವೇಗದಲ್ಲಿ ಪಿಕ್ಚರ್ ಟ್ಯೂಬ್ ಮಿಣುಕುತ್ತದೆ, ಕಣ್ಣು ನೋಯುತ್ತದೆ. 50 ಪೂರ್ತಿ ಚಿತ್ರ ಕಳಿಸೋಣವೆಂದರೆ ಪ್ರಸಾರಕ್ಕೆ ಎರಡರಷ್ಟು ಬ್ಯಾಂಡ್‌ವಿಡ್ತ್ ಬೇಕು. ಅದಕ್ಕೇ ಒಂದು ಸಲ ಬೆಸ ಗೆರೆಗಳನ್ನು, ಮರುಸಲ ಸಮ ಗೆರೆಗಳನ್ನು ಕಳಿಸಿದರು. ಬಿಬಿಸಿ 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಪ್ರಸಾರ ಆರಂಭಿಸಿದಾಗ ಎರಡು ಪದ್ಧತಿಗಳು ಪೈಪೋಟಿಗೆ ನಿಂತಿದ್ದವು. ಬೇರ್ಡ್ ಕಂಪನಿಯದು 240 ಗೆರೆಗಳ ಪ್ರೊಗ್ರೆಸಿವ್ (ಎಲ್ಲ ಗೆರೆಗಳನ್ನೂ ಒಂದೇ ಸಲಕ್ಕೆ ಬಿಡಿಸುವ) ಚಿತ್ರ, ಮಾರ್ಕೋನಿ-ಇಎಂಐಯದು 405 ಗೆರೆಗಳ ಇಂಟರ್‌ಲೇಸ್ಡ್ ಚಿತ್ರ. ಕೆಲವೇ ತಿಂಗಳಲ್ಲಿ, 1937ರ ಆರಂಭದಲ್ಲಿ, ಬೇರ್ಡ್ ಪದ್ಧತಿಯನ್ನು ಕೈಬಿಟ್ಟರು. ಮುಂದೆ ಭಾರತ ಒಪ್ಪಿಕೊಂಡ ಪಾಲ್ ಪದ್ಧತಿಯಲ್ಲಿ ಗೆರೆಗಳು 625, ಅವುಗಳಲ್ಲಿ ಚಿತ್ರವಿರುವುದು 576ರಲ್ಲಿ. ಒಂದೊಂದು ಅರ್ಧಕ್ಕೆ, ಅಂದರೆ ಫೀಲ್ಡಿಗೆ, 288 ಗೆರೆ. ಸೆಕೆಂಡಿಗೆ 50 ಫೀಲ್ಡು.

ಇಲ್ಲಿ ಮರೆಯಬಾರದ ಮಾತೊಂದಿದೆ. ಎರಡನೆಯ ಫೀಲ್ಡು ಮೊದಲನೆಯದರ ಉಳಿದರ್ಧ ಅಲ್ಲ. ಕ್ಯಾಮೆರಾ ಅದನ್ನು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ತಡವಾಗಿ ಹಿಡಿದಿದೆ. ಅಷ್ಟರಲ್ಲಿ ಚೆಂಡೆಯ ಕೋಲು ಒಂದಿಷ್ಟು ಕೆಳಗಿಳಿದಿರುತ್ತದೆ. ಹಳೆಯ ಟಿ.ವಿ. ಆ ಎರಡು ಕ್ಷಣಗಳನ್ನು ಒಂದರ ಹಿಂದೆ ಒಂದರಂತೆ ಬಿಡಿಸುತ್ತಿತ್ತು, ಆದ್ದರಿಂದ ಹಲ್ಲುಗಳು ಕಾಣುತ್ತಿರಲಿಲ್ಲ. ಇವತ್ತಿನ ಎಲ್‌ಸಿಡಿ ಪರದೆಗೂ ಮೊಬೈಲಿಗೂ ಪೂರ್ತಿ ಚಿತ್ರವೇ ಬೇಕು.

ಹಾಗಾದರೆ ಎಕ್ಸ್‌ಪೋರ್ಟ್ ಮಾಡುವಾಗ ‘ಪ್ರೊಗ್ರೆಸಿವ್’ ಎಂದು ಆರಿಸಿದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಕ್ಲಿಪ್ಪು ಇಂಟರ್‌ಲೇಸ್ಡ್ ಎಂಬುದು ಸಾಫ್ಟ್‌ವೇರಿಗೆ ಗೊತ್ತಿದ್ದರೆ ಮಾತ್ರ ಆ ಆಯ್ಕೆಗೆ ಬೆಲೆ. ಗೊತ್ತಿಲ್ಲದಿದ್ದರೆ ಅದು ಬಾಚಣಿಗೆ ಹಲ್ಲುಗಳನ್ನೂ ಚಿತ್ರದ ಭಾಗವೆಂದೇ ತಿಳಿದು ಹೊಸ ಫೈಲಿನಲ್ಲಿ ಅಚ್ಚೊತ್ತಿಬಿಡುತ್ತದೆ. ಫೈಲು ಎಂಥದೆಂದು ತಿಳಿಯಲು ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶವಿದೆ. ಅದಕ್ಕಿಂತಲೂ ನಮ್ಮ ಕಣ್ಣೇ ಹೆಚ್ಚು ನಂಬಿಕಸ್ಥ: ಜೋರಾದ ಚಲನೆಯಿರುವ ಕಡೆ ವಿಡಿಯೊ ನಿಲ್ಲಿಸಿ ಒಂದೊಂದೇ ಫ್ರೇಮ್ ಮುಂದೆ ಸರಿಸಿ ನೋಡಬೇಕು. ಸಾಫ್ಟ್‌ವೇರ್ ತಪ್ಪು ತಿಳಿದಿದ್ದರೆ ಕ್ಲಿಪ್ಪಿನ ಗುಣಲಕ್ಷಣಗಳಿಗೆ ಹೋಗಿ (ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ‘ಇಂಟರ್‌ಪ್ರೆಟ್ ಫೂಟೇಜ್’) ತಿದ್ದಬಹುದು.

ಅಲ್ಲೇ ಫೀಲ್ಡುಗಳ ಸರದಿಯನ್ನೂ ಹೇಳಬೇಕಾಗುತ್ತದೆ. ಬೆಸ ಗೆರೆಗಳದ್ದು ಮೇಲಿನ ಫೀಲ್ಡು, ಸಮ ಗೆರೆಗಳದ್ದು ಕೆಳಗಿನದು. ಡಿವಿ ಕ್ಯಾಸೆಟ್ಟಿನಲ್ಲಿ ಕೆಳಗಿನ ಫೀಲ್ಡು ಮೊದಲು. ಎಚ್‌ಡಿವಿ ಮತ್ತು 1080ಐ ವಿಡಿಯೊಗಳಲ್ಲಿ ಮೇಲಿನದು ಮೊದಲು. ಸರದಿ ತಪ್ಪಿದರೆ ಕಾಲವೇ ಹಿಂದುಮುಂದಾಗುತ್ತದೆ. ನಡೆಯುವವನು ಎರಡು ಹೆಜ್ಜೆ ಮುಂದೆ ಹೋಗಿ ಒಂದು ಹೆಜ್ಜೆ ಹಿಂದೆ ಜಗ್ಗಿದಂತೆ ಇಡೀ ಚಿತ್ರ ಅದುರುತ್ತದೆ. ಅದುರುವ ವಿಡಿಯೊ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇನ್ನು ಎರಡು ಅರ್ಧಗಳಿಂದ ಪೂರ್ತಿ ಚಿತ್ರ ಮಾಡುವ ಕೆಲಸ, ಅಂದರೆ ಡಿ-ಇಂಟರ್‌ಲೇಸ್. ಇದಕ್ಕೆ ದಾರಿಗಳು ಹಲವು, ಫಲವೂ ಬೇರೆ ಬೇರೆ. ಎಲ್ಲಕ್ಕಿಂತ ಸುಲಭದ್ದು ಒಂದು ಫೀಲ್ಡನ್ನು ಎಸೆದು ಉಳಿದ 288 ಗೆರೆಗಳನ್ನೇ ಹಿಗ್ಗಿಸುವುದು. ಎಷ್ಟೋ ಎಡಿಟಿಂಗ್ ಸಾಫ್ಟ್‌ವೇರುಗಳು ಬಹುಕಾಲ ಮಾಡಿಕೊಂಡು ಬಂದದ್ದು ಇದನ್ನೇ. ಹಲ್ಲುಗಳು ಹೋಗುತ್ತವೆ, ಜೊತೆಗೆ ಅರ್ಧ ಚಿತ್ರವೂ ಹೋಗುತ್ತದೆ. ಸೀರೆಯ ಜರಿಯಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ, ಸಣ್ಣ ಅಕ್ಷರ ನಡುಗುತ್ತದೆ. ಎರಡೂ ಫೀಲ್ಡುಗಳನ್ನು ಕಲಸಿ ಒಂದು ಮಾಡುವ ‘ಬ್ಲೆಂಡ್’ ವಿಧಾನ ಇದಕ್ಕಿಂತ ಕೆಟ್ಟದ್ದು. ನೋಡಲು ನುಣುಪಾಗಿರುತ್ತದೆ, ಆದರೆ ಚಲಿಸುವ ಪ್ರತಿಯೊಂದು ಕೈಗೂ ಒಂದು ನೆರಳುಗೈ ಅಂಟಿಕೊಳ್ಳುತ್ತದೆ. ಹೀಗೆ ಬೆರೆತ ಎರಡು ಕ್ಷಣಗಳನ್ನು ಆಮೇಲೆ ಬೇರ್ಪಡಿಸುವುದು ಕಷ್ಟ. ಬೇಡವೇ ಬೇಡ ಎಂದು ನಾನು ಹೇಳುವ ವಿಧಾನ ಇದೊಂದೇ.

ಒಳ್ಳೆಯ ವಿಧಾನಗಳು ಚಿತ್ರದ ಒಂದೊಂದು ಭಾಗವನ್ನೂ ವಿಚಾರಿಸುತ್ತವೆ. ಈ ಜಾಗ ಅಲುಗಾಡಿದೆಯೇ? ಅಲುಗಾಡದಿದ್ದರೆ ಎರಡೂ ಫೀಲ್ಡುಗಳ ಗೆರೆಗಳನ್ನು ಹಾಗೆಯೇ ಜೋಡಿಸಿ ಪೂರ್ತಿ 576 ಗೆರೆಗಳ ಸ್ಪಷ್ಟತೆ ಉಳಿಸಿಕೊಳ್ಳುತ್ತವೆ. ಅಲುಗಾಡಿದ್ದರೆ ಅಷ್ಟು ಜಾಗದಲ್ಲಿ ಮಾತ್ರ ಸುತ್ತಲಿನ ಗೆರೆಗಳನ್ನೂ ಹಿಂದುಮುಂದಿನ ಫೀಲ್ಡುಗಳನ್ನೂ ನೋಡಿ ಇಲ್ಲದ ಗೆರೆಯನ್ನು ಊಹಿಸುತ್ತವೆ. ಎಫ್‌ಎಫ್‌ಎಂಪೆಗ್ ಮತ್ತು ಹ್ಯಾಂಡ್‌ಬ್ರೇಕ್‌ ಎಂಬ ತಂತ್ರಾಂಶಗಳಲ್ಲಿರುವ ‘ಯಾಡಿಫ್’ ಈ ಬಗೆಯದು. ಅವಿಸಿಂತ್ ಎಂಬ ತಂತ್ರಾಂಶ ಬಳಸುವವರು ಮೆಚ್ಚುವ ‘ಕ್ಯುಟಿಜಿಎಂಸಿ’ ಇನ್ನೂ ಮುಂದೆ ಹೋಗಿ, ಚಿತ್ರದ ಯಾವ ತುಣುಕು ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನೇ ಹಿಂಬಾಲಿಸುತ್ತದೆ. ಬಹಳ ನಿಧಾನ, ಆದರೆ ಮನೆಯ ಹಳೆಯ ಕ್ಯಾಸೆಟ್ಟಿಗೆ ಆ ಕಾಯುವಿಕೆ ದಂಡವಲ್ಲ.

ಇಲ್ಲಿ ಬಹುತೇಕ ಜನ ಕಳೆದುಕೊಳ್ಳುವ ವಸ್ತು ಚಲನೆ. ‘ಸೆಕೆಂಡಿಗೆ 25 ಫ್ರೇಮ್’ ಎಂದು ಫೈಲು ಹೇಳುತ್ತದೆ, ನಾವೂ 25ಕ್ಕೇ ಎಕ್ಸ್‌ಪೋರ್ಟ್ ಮಾಡುತ್ತೇವೆ. ಆದರೆ ಕ್ಯಾಮೆರಾ ಹಿಡಿದದ್ದು 50 ಕ್ಷಣ. ಕುಣಿತ, ಕ್ರಿಕೆಟ್, ಮಕ್ಕಳ ಓಡಾಟ ಇವುಗಳ ಜೀವ ಇರುವುದೇ ಆ ಬಿಟ್ಟುಹೋದ 25ರಲ್ಲಿ. ಒಂದೊಂದು ಫೀಲ್ಡಿನಿಂದಲೂ ಒಂದೊಂದು ಪೂರ್ತಿ ಫ್ರೇಮ್ ಮಾಡಿ 50ಕ್ಕೆ ಎಕ್ಸ್‌ಪೋರ್ಟ್ ಮಾಡಿದರೆ ಕ್ಯಾಸೆಟ್ಟಿನಲ್ಲಿದ್ದ ಓಟ ಹಾಗೆಯೇ ಬರುತ್ತದೆ. ಯಾಡಿಫ್‌ನಲ್ಲಿ ಇದಕ್ಕೆ ಬೇರೆಯೇ ಆಯ್ಕೆಯಿದೆ, ಹ್ಯಾಂಡ್‌ಬ್ರೇಕ್‌ನಲ್ಲಿ ಅದರ ಹೆಸರು ‘ಬಾಬ್’. ಯೂಟ್ಯೂಬಿಗೆ ಹಾಕುವವರು ಇನ್ನೊಂದನ್ನು ಗಮನಿಸಬೇಕು: ಅಲ್ಲಿ 50 ಫ್ರೇಮಿನ ಚಲನೆ ಸಿಗುವುದು 720 ಗೆರೆ ಅಥವಾ ಅದಕ್ಕಿಂತ ಮೇಲಿನ ಗಾತ್ರಕ್ಕೆ ಮಾತ್ರ. ಹಾಗಾಗಿ 4:3 ಆಕಾರದ ಹಳೆಯ ಡಿವಿ ಚಿತ್ರವನ್ನು 960×720ಕ್ಕೆ ಹಿಗ್ಗಿಸಿ ಕಳಿಸುವುದು ಒಳ್ಳೆಯದು.

ಹಿಗ್ಗಿಸುವ ಕೆಲಸ ಮಾತ್ರ ಡಿ-ಇಂಟರ್‌ಲೇಸ್ ಆದ ಮೇಲೆಯೇ ಆಗಬೇಕು. ಕ್ಯಾಸೆಟ್ಟಿನ ಕ್ಲಿಪ್ಪನ್ನು ನೇರವಾಗಿ 1080ರ ಟೈಮ್‌ಲೈನಿನಲ್ಲಿ ಇಟ್ಟು ಪರದೆ ತುಂಬುವಂತೆ ಎಳೆಯುವುದು ಬಹಳ ಸಾಮಾನ್ಯ. ಸಾಫ್ಟ್‌ವೇರು ಫೀಲ್ಡುಗಳನ್ನು ಬಿಡಿಸದೆ ಹಿಗ್ಗಿಸಿದರೆ ಬೆಸ ಗೆರೆಗೂ ಸಮ ಗೆರೆಗೂ ಬಣ್ಣ ಹರಡಿ ಎರಡು ಕ್ಷಣಗಳು ಒಂದರೊಳಗೊಂದು ಸೇರುತ್ತವೆ. ಆಮೇಲೆ ಯಾವ ಫಿಲ್ಟರಿಗೂ ಗೆರೆ ಯಾವುದರದ್ದೆಂದು ತಿಳಿಯದು. ತಿರುಗಿಸುವುದು, ಜೂಮ್ ಮಾಡುವುದು, ನಡುಕ ತೆಗೆಯುವುದು ಎಲ್ಲಕ್ಕೂ ಇದೇ ನಿಯಮ. ಚಿತ್ರವನ್ನು ಒಂದೇ ಒಂದು ಗೆರೆ ಮೇಲೆ ಸರಿಸಿದರೂ ಫೀಲ್ಡುಗಳ ಸರದಿ ತಿರುಗುಮುರುಗಾಗುತ್ತದೆ.

ಟಿ.ವಿ.ಯಿಂದ ಹಿಡಿದಿಟ್ಟುಕೊಂಡ ಸಿನಿಮಾಗಳ ಲೆಕ್ಕ ಬೇರೆ. ಪಾಲ್ ಪದ್ಧತಿಯಲ್ಲಿ 24 ಫ್ರೇಮಿನ ಸಿನಿಮಾವನ್ನು ಸ್ವಲ್ಪ ಬೇಗ, 25ರಂತೆ ಓಡಿಸುತ್ತಾರೆ. ಒಂದೊಂದು ಫ್ರೇಮಿನಿಂದಲೇ ಎರಡೂ ಫೀಲ್ಡು ಹುಟ್ಟುವುದರಿಂದ ಎರಡರ ಕ್ಷಣವೂ ಒಂದೇ. ಫೈಲು ತನ್ನನ್ನು ಇಂಟರ್‌ಲೇಸ್ಡ್ ಎಂದು ಹೇಳಿಕೊಂಡರೂ ಅಲ್ಲಿ ಹಲ್ಲುಗಳು ಕಾಣವು. ಅದಕ್ಕೆ ಡಿ-ಇಂಟರ್‌ಲೇಸ್ ಮಾಡಹೋದರೆ ಚೆನ್ನಾಗಿದ್ದದ್ದನ್ನು ಕೆಡಿಸಿದಂತೆ. ಪ್ರೊಗ್ರೆಸಿವ್ ಎಂದು ಗುರುತಿಸಿ 25ಕ್ಕೇ ಎಕ್ಸ್‌ಪೋರ್ಟ್ ಮಾಡಿದರಾಯಿತು.

ಪ್ರೊಗ್ರೆಸಿವ್ ಪ್ರತಿ ಎಷ್ಟೇ ಚೆನ್ನಾಗಿ ಬಂದರೂ ಕ್ಯಾಸೆಟ್ಟಿನಿಂದ ಇಳಿಸಿದ ಮೂಲ ಡಿವಿ ಫೈಲನ್ನು ಅಳಿಸಬೇಡಿ. ಒಂದು ಗಂಟೆಯ ವಿಡಿಯೊಗೆ ಅದು ಸುಮಾರು 13 ಜಿಬಿ ಹಿಡಿಯುತ್ತದೆ. ಇವತ್ತಿನ ಹಾರ್ಡ್‌ಡಿಸ್ಕಿಗೆ ಅದು ಭಾರವಲ್ಲ. ಡಿ-ಇಂಟರ್‌ಲೇಸ್ ವಿಧಾನಗಳು ವರ್ಷಗಳುದ್ದಕ್ಕೂ ಸುಧಾರಿಸುತ್ತಲೇ ಬಂದಿವೆ. ಇವುಗಳಿಗಿಂತ ಒಳ್ಳೆಯದು ಬಂದಾಗ ಅದಕ್ಕೆ ಬೇಕಾಗುವುದು ಆ ಮುಟ್ಟದ 50 ಫೀಲ್ಡುಗಳೇ ಹೊರತು ನಾವು ಮಾಡಿಟ್ಟ ಎಂಪಿ4 ಅಲ್ಲ.